ಜೋಲ್ಪಿಡೆಮ್ 5 ಮಿ.ಗ್ರಾಂ: ಹತ್ತು ತಿಂಗಳು ಬಳಸಿ, ಬಿಟ್ಟ ಮೇಲಿನ ವಿಮರ್ಶೆ

ಅಂಕ: 5ಕ್ಕೆ 3. ನಿದ್ದೆ ಹತ್ತಿಸುವ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಕಳೆದ ಎರಡು ಅಂಕ ಬಿಡುವಾಗ ಕೊಡುವ ಕಾಟಕ್ಕೆ.

ಬಳಕೆ: ಮೊದಲ ಮೂರು ವಾರ ದಿನಾ, ಆಮೇಲೆ ವಾರಕ್ಕೆ ಮೂರು ರಾತ್ರಿ ಮೀರದಂತೆ, ಕೊನೆಗೆ ಇಳಿಸಿ ಇಳಿಸಿ ನಿಲುಗಡೆ. ಎಲ್ಲವೂ ಡಾಕ್ಟರರ ಚೀಟಿ ಪ್ರಕಾರ.

ಇದು ಮಲಗಿದರೂ ನಿದ್ದೆ ಹತ್ತದವರ ಮದ್ದು. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಕಣ್ಣು ಎಳೆಯುತ್ತದೆ. ಸುಮಾರು ಎರಡೂವರೆ ಗಂಟೆಯಲ್ಲಿ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಹತ್ತಕ್ಕೆ ಚೆನ್ನಾಗಿ ಮಲಗಿ ಮೂರಕ್ಕೆ ಎದ್ದು ಕೂರುವವರಿಗೆ ಸಾದಾ ಗುಳಿಗೆಯಿಂದ ಅಷ್ಟೇನೂ ಪ್ರಯೋಜನವಿಲ್ಲ. ಅವರಿಗೆ ನಿಧಾನವಾಗಿ ಕರಗುವ ‘ಸಿಆರ್’ ಗುಳಿಗೆಯನ್ನು ಡಾಕ್ಟರರು ಬರೆಯುವುದುಂಟು. ಸಿಆರ್ ಅನ್ನು ಮುರಿಯಬಾರದು, ಜಗಿಯಬಾರದು. ಇಡೀ ರಾತ್ರಿಯ ಮದ್ದು ಒಟ್ಟಿಗೇ ಹೊರಬಿದ್ದೀತು.

‘ಮದ್ದು ಹಿಡಿಯುವುದಿಲ್ಲ’ ಎಂಬ ದೂರಿನಲ್ಲಿ ಹೆಚ್ಚಿನ ಪಾಲು ಊಟದ್ದು. ಒಂಬತ್ತಕ್ಕೆ ಕುಚ್ಚಲಕ್ಕಿ ಅನ್ನ, ಮೀನುಸಾರು ಉಂಡು ಒಂಬತ್ತೂಕಾಲಿಗೆ ನುಂಗಿದರೆ ಹೊಟ್ಟೆಯಲ್ಲಿರುವ ಅನ್ನ ಮದ್ದನ್ನು ತಡೆದಿಡುತ್ತದೆ. ಹತ್ತೂವರೆಯಾದರೂ ನಿದ್ದೆಯಿಲ್ಲ, ಸಿಟ್ಟಿನಲ್ಲಿ ಇನ್ನೊಂದು ನುಂಗುತ್ತಾರೆ. ತಡವಾಗಿದ್ದ ಮೊದಲನೆಯದೂ ಎರಡನೆಯದೂ ಒಟ್ಟಾಗಿ ಏರಿ, ಬೆಳಿಗ್ಗೆ ಏಳಕ್ಕೂ ತಲೆ ಎತ್ತಲಾಗುವುದಿಲ್ಲ. ಊಟ ಏಳೂವರೆಗೆ ಮುಗಿಸಿ, ಗುಳಿಗೆ ಹತ್ತಕ್ಕೆ. ಈ ಅಂತರ ಸಾಕು. ಎರಡನೆಯದು ಯಾವ ಕಾರಣಕ್ಕೂ ಬೇಡ. ಗುಳಿಗೆ ತಿಂದದ್ದೇ ಮರೆತು ಮತ್ತೆ ತಿನ್ನುವುದೂ ಈ ಮದ್ದಿನಲ್ಲಿ ನಡೆಯುವ ಸಂಗತಿ, ಏಕೆಂದರೆ ನುಂಗಿದ ಮೇಲಿನ ನೆನಪು ಮಸುಕಾಗುತ್ತದೆ. ಆ ರಾತ್ರಿಯ ಒಂದನ್ನು ಮಾತ್ರ ಪುಟ್ಟ ಡಬ್ಬಿಯಲ್ಲಿ ಮಂಚದ ಬಳಿ ಇಟ್ಟು, ಸ್ಟ್ರಿಪ್ಪನ್ನು ಕಪಾಟಿಗೆ ಹಾಕಿ ಬೀಗ ಹಾಕಿದರೆ ಈ ತಾಪತ್ರಯವಿಲ್ಲ. ಡಬ್ಬಿ ಖಾಲಿಯೆಂದರೆ ತಿಂದಾಗಿದೆ.

ನುಂಗುವ ಹೊತ್ತಿಗೆ ಬಾಗಿಲು ಹಾಕಿ, ಗ್ಯಾಸ್ ಆರಿಸಿ, ಹಾಸಿಗೆಯಲ್ಲೇ ಇರಬೇಕು. ‘ನಿದ್ದೆ ಬರುವವರೆಗೆ ಸ್ವಲ್ಪ ಮೊಬೈಲು’ ಎಂದವರು ಬೆಳಿಗ್ಗೆ ತಾವು ಕಳಿಸಿದ ವಾಟ್ಸಾಪ್ ಮೆಸೇಜನ್ನು ತಾವೇ ಬೆರಗಾಗಿ ಓದುತ್ತಾರೆ. ಇಷ್ಟಾದರೆ ನಗಬಹುದು. ನಿದ್ದೆಗಣ್ಣಲ್ಲೇ ನಡೆಯುವುದು, ಒಲೆ ಹಚ್ಚುವುದು, ಗಾಡಿ ಓಡಿಸುವುದು ನಗುವ ವಿಷಯವಲ್ಲ. ಈ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2019ರಲ್ಲಿ ಈ ಬಗೆಯ ಗುಳಿಗೆಗಳಿಗೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಒಮ್ಮೆ ಹೀಗಾದರೂ ಮದ್ದು ನಿಲ್ಲಿಸಿ ಡಾಕ್ಟರರಿಗೆ ಹೇಳಬೇಕು. ಮತ್ತೆ ಶುರು ಮಾಡುವಂತಿಲ್ಲ.

ನುಂಗಿದ ಮೇಲೆ ಏಳೆಂಟು ಗಂಟೆ ಮಲಗಲು ಬಿಡುವಿರಬೇಕು. ನಮ್ಮ ಕಡೆ ಇದೇ ದೊಡ್ಡ ತೊಡಕು. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ರಬ್ಬರ್ ಟ್ಯಾಪಿಂಗಿನವರು ತಲೆಗೆ ಲೈಟು ಕಟ್ಟಿ ನಾಲ್ಕಕ್ಕೇ ತೋಟಕ್ಕಿಳಿಯುತ್ತಾರೆ. ಹನ್ನೊಂದಕ್ಕೆ ಗುಳಿಗೆ ನುಂಗಿ ನಾಲ್ಕಕ್ಕೆ ಕತ್ತಿ ಹಿಡಿದು ಇಳಿಜಾರಿನಲ್ಲಿ ನಿಂತರೆ ಬೆರಳೂ ಉಳಿಯದು, ಕಾಲೂ ಉಳಿಯದು. ಡಾಕ್ಟರರ ಎದುರು ‘ನಿದ್ದೆಯಿಲ್ಲ’ ಎನ್ನುವ ಮೊದಲು ಏಳುವ ಹೊತ್ತು ಹೇಳಿ. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೋಗುತ್ತದೆ. ಎಫ್‌ಡಿಎ 2013ರಲ್ಲೇ ಅವರ ಪ್ರಮಾಣವನ್ನು 10ರಿಂದ 5 ಮಿ.ಗ್ರಾಂಗೆ ಇಳಿಸಿತು. ವಯಸ್ಸಾದವರಿಗೂ 5. ಹಳೆಯ ಮನೆಗಳಲ್ಲಿ ಬಚ್ಚಲು ಹೊರಗೆ, ನಡುವೆ ಎತ್ತರದ ಹೊಸಿಲು, ಮಳೆಗಾಲವಾದರೆ ಪಾಚಿ ಹಿಡಿದ ಮೆಟ್ಟುಕಲ್ಲು. ಅಜ್ಜ ಅಜ್ಜಿಗೆ ಈ ಮದ್ದು ಕೊಡುವ ಮನೆಯಲ್ಲಿ ರಾತ್ರಿಯಿಡೀ ಒಂದು ಸಣ್ಣ ಬಲ್ಬು ಉರಿಯಲಿ, ಮಂಚದ ಬಳಿಯೇ ಮೂತ್ರದ ಪಾತ್ರೆ ಇರಲಿ. ಸೊಂಟದ ಮೂಳೆ ಮುರಿದರೆ ನಿದ್ದೆಯ ಮಾತು ಆಮೇಲೆ.

ಹೆಂಡ, ಕಳ್ಳು ಕೂಡದೆಂದು ಎಲ್ಲರಿಗೂ ಗೊತ್ತು. ‘ನಿದ್ದೆಗೆ ಒಳ್ಳೆಯದು’ ಎಂದು ರಾತ್ರಿ ಕುಡಿಯುವ ಅಶ್ವಗಂಧಾರಿಷ್ಟದಲ್ಲೂ ಹುದುಗಿನಿಂದಾದ ಆಲ್ಕೋಹಾಲು ಶೇ. 5ರಿಂದ 10ರಷ್ಟಿರುತ್ತದೆ ಎಂಬುದು ಬಾಟಲಿಯ ಲೇಬಲು ಓದಿದವರಿಗೆ ಮಾತ್ರ ಗೊತ್ತು. ಬೆನ್ನುನೋವಿನ ಟ್ರಮಡಾಲ್, ನರದ ಪ್ರೀಗ್ಯಾಬಲಿನ್, ನೆಗಡಿಯ ಸೆಟ್ರಿಜಿನ್ ಇವೂ ಮಂಪರಿಗೆ ಮಂಪರು ಕೂಡಿಸುತ್ತವೆ. ಮೊದಲಿನೆರಡು ಉಸಿರನ್ನೂ ಕುಗ್ಗಿಸಬಲ್ಲವು. ಜೋರು ಗೊರಕೆ, ನಡುವೆ ಉಸಿರು ಕಟ್ಟುವಿಕೆ ಇದ್ದವರು ಗುಳಿಗೆಗಿಂತ ಮೊದಲು ನಿದ್ರಾ ಪರೀಕ್ಷೆ ಮಾಡಿಸಲಿ.

ಕೊಳ್ಳುವ ವಿಚಾರ. ಇದು ಶೆಡ್ಯೂಲ್ ಎಚ್1 ಮದ್ದು, ಅಂದರೆ ಡಾಕ್ಟರರ ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಯದ್ದು. ಮಂಗಳೂರಿನ ಡಾಕ್ಟರರ ಚೀಟಿ ಕಾಸರಗೋಡಿನ ಅಂಗಡಿಯಲ್ಲೂ ನಡೆಯುತ್ತದೆ. ಬರೆದ ಡಾಕ್ಟರು, ರೋಗಿಯ ಹೆಸರು, ಕೊಟ್ಟ ಸಂಖ್ಯೆ ಇವನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಹೆಸರು ಕೇಳಿದರೆಂದು ಮುನಿಸು ಬೇಡ. ಕೇಳದೆ ಕೊಡುವ ಅಂಗಡಿಯ ಬಗ್ಗೆಯೇ ಅನುಮಾನ ಬರಲಿ. ಕೌಂಟರಿನಲ್ಲೇ ಸ್ಟ್ರಿಪ್ ತಿರುಗಿಸಿ ನೋಡಿ: 5, 10, ಸಿಆರ್ 6.25, ಸಿಆರ್ 12.5 ಎಲ್ಲಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ. ಗಲ್ಫಿಗೆ ಹೋಗುವವರಿಗೆ ನೆಂಟರು ಒಂದೆರಡು ಸ್ಟ್ರಿಪ್ ತುರುಕಿ ಕಳಿಸುವ ರೂಢಿ ಅಪಾಯದ್ದು. ಯುಎಇಯಲ್ಲಿ ನಿಯಂತ್ರಿತ ಮದ್ದುಗಳಿಗೆ ಮೊದಲೇ ಆನ್‌ಲೈನ್ ಅನುಮತಿ ಬೇಕು.

ಇನ್ನು ಆ ಎರಡು ಅಂಕದ ಕತೆ. ದಿನಾ ತಿಂದು ಥಟ್ಟನೆ ಬಿಟ್ಟರೆ ಒಂದೆರಡು ರಾತ್ರಿ ಮೊದಲಿಗಿಂತಲೂ ಕೆಟ್ಟ ನಿದ್ದೆ. ಇದು ಮದ್ದು ಬಿಟ್ಟದ್ದರ ಪ್ರತಿಕ್ರಿಯೆ; ಹಳೆಯ ಕಾಯಿಲೆ ಹೆಚ್ಚಾದದ್ದಲ್ಲ. ಇದು ತಿಳಿಯದವರು ಎರಡನೆಯ ರಾತ್ರಿಯೇ ಸೋತು ಮತ್ತೆ ನುಂಗಿ, ‘ಇದಿಲ್ಲದೆ ಆಗದು’ ಎಂದು ವರ್ಷಗಟ್ಟಲೆ ಎಳೆಯುತ್ತಾರೆ. ಹೆಚ್ಚು ಪ್ರಮಾಣ ತಿನ್ನುತ್ತಿದ್ದವರು ಒಮ್ಮೆಲೇ ಬಿಟ್ಟರೆ ಫಿಟ್ಸೂ ಬರಬಹುದು, ಅಂಥವರು ಸ್ವಂತವಾಗಿ ಕೈಹಾಕಲೇಬಾರದು. ಇಲ್ಲಿ ನಡೆದದ್ದು ಡಾಕ್ಟರರ ಲೆಕ್ಕ: ಸಾದಾ ಗುಳಿಗೆಯನ್ನು ಕತ್ತರಿಸುವ ಡಬ್ಬಿಯಲ್ಲಿ ಅರ್ಧ ಮಾಡಿ ಎರಡು ವಾರ, ಆಮೇಲೆ ನುಂಗುವ ರಾತ್ರಿಗಳನ್ನೂ ಕಡಿಮೆ ಮಾಡುವುದು, ಆಮೇಲೆ ಇಲ್ಲ.

ಜೊತೆಗೆ ಮಲಗಿದ, ಎದ್ದ ಹೊತ್ತು ಬರೆದಿಡುವ ನಿದ್ದೆಯ ಡೈರಿ ನಡೆಯಬೇಕು. ಅಮೆರಿಕದ ವೈದ್ಯರ ಸಂಘ 2016ರಿಂದ ಗುಳಿಗೆಗಿಂತ ಮುಂಚೆ ಹೇಳುವುದು ನಿದ್ದೆಯ ಅಭ್ಯಾಸ ತಿದ್ದುವ ಚಿಕಿತ್ಸೆಯನ್ನೇ. ಅದು ಹೀಗೆ: ಹಾಸಿಗೆಯಲ್ಲಿ ಎಂಟು ಗಂಟೆ ಹೊರಳಿ ಐದೂವರೆ ಗಂಟೆ ಮಾತ್ರ ನಿದ್ದೆಯಾಗುತ್ತಿದ್ದರೆ, ಹಾಸಿಗೆಯ ಹೊತ್ತನ್ನೇ ಐದೂವರೆ ಆರಕ್ಕಿಳಿಸುವುದು. ಅದರಲ್ಲಿ ಶೇ. 85 ಪಾಲು ನಿದ್ದೆಯಾದ ಮೇಲೆ ಹದಿನೈದು ನಿಮಿಷ ಸೇರಿಸುವುದು. ಏಳುವ ಹೊತ್ತು ಭಾನುವಾರವೂ ಬದಲಾಗದು. ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಜಗಲಿಯಲ್ಲಿ ಕೂರುವುದು, ಮೊಬೈಲಿಲ್ಲದೆ. ಮೊದಲ ವಾರ ಹಗಲು ತೂಕಡಿಕೆ ಬರುತ್ತದೆ, ಆ ವಾರ ಸ್ಕೂಟರು ಬೇಡ. ಮೂರ್ಛೆರೋಗ ಇದ್ದವರು ಡಾಕ್ಟರರನ್ನು ಕೇಳದೆ ಇದನ್ನು ಶುರು ಮಾಡಬಾರದು. ಕಲಿಸಿಕೊಡುವವರು ಹತ್ತಿರ ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ, ದುಡ್ಡಿಲ್ಲ. ಭಾಷೆ ಆರಿಸುವಾಗ ಕನ್ನಡವೂ ಇದೆ, ಮಲಯಾಳವೂ ಇದೆ.