ಎಕ್ಸ್‌ಎಸ್‌ಎಲ್‌ಟಿಲಿ ಇಫ್, ಚೂಸ್, ಟೆಂಪ್ಲೇಟ್ ಮ್ಯಾಚ್: ಕಾಫಿ ಲಾಟ್ ಪಟ್ಟಿಗೆ ಮೂರನ್ನೂ ಹಾಕಿ ನೋಡಿದ್ದು

ಗೋಣಿಕೊಪ್ಪದಲ್ಲಿ ಕಾಫಿ ಖರೀದಿ ಮಾಡೋರಿಗೆ ಲಾಟ್ ಪಟ್ಟಿ ರೆಡಿ ಮಾಡ್ಕೊಡೋ ಕೆಲ್ಸ ನಂದು. ಡೇಟಾ ಬರೋದು ಎಕ್ಸ್‌ಎಂಎಲ್‌ನಲ್ಲಿ, ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದು), ರೋಬಸ್ಟಾ ಚೆರ್ರಿ (ಹಣ್ಣನ್ನ ಹಾಗೇ ಒಣಗಿಸಿದ್ದು) ಹೀಗೆ, ಒಂದೊಂದಕ್ಕೂ ಮೂಟೆ, ತೇವಾಂಶ, ಚೆರ್ರಿ ಆದ್ರೆ ಓಟಿ (ಔಟ್‌ಟರ್ನ್, ಅಂದ್ರೆ ಒಣ ಚೆರ್ರಿಲಿ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ) ಕೂಡ. ಆ ಎಕ್ಸ್‌ಎಂಎಲ್‌ನ ಓದೋಕಾಗೋ ಪಟ್ಟಿ ಮಾಡೋ ಭಾಷೆನೇ ಎಕ್ಸ್‌ಎಸ್‌ಎಲ್‌ಟಿ. ಷರತ್ತು ಹಾಕೋಕೆ ಯಾವ ದಾರಿ ಒಳ್ಳೇದು ಅಂತ ಒಂದೇ ಫೈಲ್ ಮೇಲೆ ಎಲ್ಲಾ ಓಡಿಸಿ ನೋಡ್ದೆ.

ಮೊದ್ಲು ಎಕ್ಸ್‌ಎಸ್‌ಎಲ್ ಇಫ್. ಇದಕ್ಕೆ ಎಲ್ಸ್ ಅನ್ನೋದೇ ಇಲ್ಲ, ಅದಕ್ಕೇ ಜನ ಎರಡು ಇಫ್ ಬರೀತಾರೆ, ತೇವಾಂಶ ಶೇಕಡಾ 11 ದಾಟಿದ್ರೆ "ಮತ್ತೆ ಕಣಕ್ಕೆ", 11 ಅಥವಾ ಕಮ್ಮಿ ಇದ್ರೆ "ಗೋಡೌನ್‌ಗೆ". ನೋಡೋಕೆ ಸರಿಯಾಗೇ ಇದೆ. ಆದ್ರೆ ಬೇಕಂತ್ಲೇ ತೇವಾಂಶ ಖಾಲಿ ಬಿಟ್ಟ ಒಂದು ಲಾಟ್ ಹಾಕಿದೆ ನೋಡಿ, ಎಕ್ಸ್‌ಎಸ್‌ಎಲ್‌ಟಿ 1.0ಲಿ ಖಾಲಿ ಜಾಗನ ನಂಬರ್ ಮಾಡೋಕೆ ಹೋದ್ರೆ ಸಿಗೋದು NaN, ಅಂದ್ರೆ ನಂಬರೇ ಅಲ್ಲ, ಅದನ್ನ 11ರ ಜೊತೆ ದೊಡ್ಡದಾ ಅಂತ ಕೇಳಿದ್ರೂ ಸುಳ್ಳು ಚಿಕ್ಕದಾ ಅಂತ ಕೇಳಿದ್ರೂ ಸುಳ್ಳು. ಎರಡು ಇಫ್ಫೂ ಬಿಟ್ಬಿಡ್ತು, ಎರರ್ ಕೂಡ ಬರ್ಲಿಲ್ಲ, ಲಾಟ್ ಪಟ್ಟಿಲೇ ಇಲ್ಲ! ಕೊಯ್ಲಿನ ಗಡಿಬಿಡಿಲಿ ಮೀಟರ್ ಹಿಡಿಯೋದು ಬಿಟ್ಟುಹೋಗೋದು ಮಾಮೂಲಿ, ಅದಕ್ಕೋಸ್ಕರ ಒಬ್ಬ ಬೆಳೆಗಾರರ ವರ್ಷದ ದುಡಿಮೆ ಕಾಗದದಿಂದ ಮಾಯ ಆಗ್ಬಾರ್ದು.

ಚೂಸ್ ಇಲ್ಲೇ ಗೆಲ್ಲೋದು. ಮೇಲಿಂದ ಮೊದ್ಲು ನಿಜ ಆದ ವೆನ್ ಒಂದೇ ಓಡುತ್ತೆ, ಯಾವುದೂ ಆಗ್ಲಿಲ್ಲ ಅಂದ್ರೆ ಅದರ್‌ವೈಸ್. ಅಲ್ಲಿ "ತೇವಾಂಶ ನೋಡಿಲ್ಲ" ಅಂತ ಬರ್ದಿಟ್ರೆ ಆ ಲಾಟ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಬರೆಯೋಕೆ ಉದ್ದ, ನಿಜ. ಇನ್ನು ಟೆಸ್ಟ್ ಒಳಗೆ ಚಿಕ್ಕದು ಅನ್ನೋ ಚಿಹ್ನೆ ನೇರ ಹಾಕಂಗಿಲ್ಲ, ಆಂಪರ್ಸೆಂಡ್ ಎಲ್‌ಟಿ ಸೆಮಿಕೋಲನ್ ಅಂತಲೇ ಬರೀಬೇಕು, ಇಫ್‌ಗೂ ಇದೇ ಕಥೆ.

ಹಾಗಂತ ಇಫ್ ದಂಡ ಅಲ್ಲ. ಹೆಸರುಗಳ ಮಧ್ಯೆ ಕಾಮಾ, ಕೊನೇದಕ್ಕೆ ಬೇಡ, ಇಂಥದಕ್ಕೆ ಅದೇ ಚೆಂದ.

2007ರಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ 2.0ಲಿ ಎಕ್ಸ್‌ಪಾತ್ (ಎಕ್ಸ್‌ಎಂಎಲ್‌ನಿಂದ ಬೇಕಾದ್ದನ್ನ ಆರಿಸೋ ಭಾಷೆ) ಒಳಗೇ ಇಫ್ ದೆನ್ ಎಲ್ಸ್ ಬರೀಬೋದು, ಅಲ್ಲಿ ಎಲ್ಸ್ ಬಿಡೋ ಹಾಗೇ ಇಲ್ಲ, ಒಂದೇ ಸಾಲಲ್ಲಿ ಮುಗಿಯುತ್ತೆ. ಸ್ಯಾಕ್ಸನ್ ಅನ್ನೋ ಪ್ರೊಸೆಸರ್‌ನಲ್ಲಿ (ಎಕ್ಸ್‌ಎಸ್‌ಎಲ್‌ಟಿ ಓಡಿಸೋ ಸಾಫ್ಟ್‌ವೇರ್) ಸಲೀಸಾಗಿ ಓಡ್ತು. ಆದ್ರೆ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅನ್ನೋ ಇನ್ನೊಂದು ಪ್ರೊಸೆಸರ್‌ಗೆ ಗೊತ್ತಿರೋದು 1999ರ 1.0 ಮಾತ್ರ, ಅಲ್ಲಿ ಚೂಸೇ ಗತಿ.

ಚೆರ್ರಿಗೆ ಓಟಿ ಕಾಲಂ, ಪಾರ್ಚ್‌ಮೆಂಟ್‌ಗೆ ಬೇಡ, ಈ ಥರ ಜಾತಿ ಮೇಲೆ ನಿಂತ ವ್ಯತ್ಯಾಸಕ್ಕೆ ಮಾತ್ರ ಟೆಂಪ್ಲೇಟ್ ಮ್ಯಾಚ್‌ಗೆ ಸಾಟಿ ಇಲ್ಲ, ಅಂದ್ರೆ ಇಂಥ ಲಾಟ್ ಬಂದ್ರೆ ಹೀಗೆ ಬರಿ ಅಂತ ಒಂದೊಂದು ಥರಕ್ಕೂ ಬೇರೆ ಬೇರೆ ಟೆಂಪ್ಲೇಟ್ ಇಡೋದು. ಕರಿಮೆಣಸನ್ನೂ ಸೇರಿಸಿ ನೋಡ್ದೆ, ಹೊಸ ಟೆಂಪ್ಲೇಟ್ ಒಂದು ಬರೆದ್ರೆ ಸಾಕಾಯ್ತು, ಹಳೇದು ಒಂದಕ್ಷರ ಮುಟ್ಲಿಲ್ಲ, ಅದೇ ಚೂಸ್ ಆಗಿದ್ರೆ ಆ ಉದ್ದದ ಸರಪಳಿ ಮಧ್ಯ ಕೈ ಹಾಕ್ಬೇಕಿತ್ತು. ಒಂದು ಎಚ್ಚರ: ಷರತ್ತು ಇರೋ ಮ್ಯಾಚ್‌ಗೆಲ್ಲಾ ತಾನಾಗೇ ಸಿಗೋ ಪ್ರಯಾರಿಟಿ (ಯಾವ ಟೆಂಪ್ಲೇಟ್ ಗೆಲ್ಬೇಕು ಅನ್ನೋ ಅಂಕ) 0.5, ಒಂದೇ ಲಾಟ್ "ಚೆರ್ರಿ"ಗೂ "ತೇವ ಜಾಸ್ತಿ"ಗೂ ಹೊಂದಿದ್ರೆ ಎರಡಕ್ಕೂ ಜಗಳ, 1.0 ನಿಯಮದ ಪ್ರಕಾರ ಪ್ರೊಸೆಸರ್ ಎರರ್ ಕೊಡ್ಬೋದು ಇಲ್ಲಾ ಕೊನೇಲಿ ಬರ್ದಿದ್ದನ್ನ ಆರಿಸ್ಕೋಬೋದು. ಹಾಗಾಗಿ ಪ್ರಯಾರಿಟಿ ನಾನೇ ಕೈಯಾರೆ ಬರೀತೀನಿ, ಜಾತಿಗೆ ಟೆಂಪ್ಲೇಟ್, ಅದರೊಳಗೆ ತೇವಾಂಶಕ್ಕೆ ಚೂಸ್.