ಬ್ರಹ್ಮಾವರದ ರುಡ್‌ಸೆಟ್: ಮೂವತ್ತು ದಿನದ ಹೊಲಿಗೆ, ಆಮೇಲಿನ ಲೆಕ್ಕ

ಬೀಡಿ ಬ್ರಾಂಚ್ ಮುಚ್ಚಿ ಕೈ ಖಾಲಿಯಾದವರಿಗೆ, ಎಂಟನೆಯದಕ್ಕೇ ಶಾಲೆ ಬಿಟ್ಟವರಿಗೆ, ಕಾಲಿನ ಬಲ ಕಡಿಮೆ ಇರುವವರಿಗೆ ಉಡುಪಿ ಕಡೆ ಸಿಗುವ ಮೊದಲ ಸಲಹೆ "ರುಡ್‌ಸೆಟ್‌ಗೆ ಹೋಗಿ" ಎಂಬುದು. ಸಲಹೆ ಸರಿಯೇ, ಆದರೆ ಅರ್ಧ ಮಾತ್ರ. ಬ್ರಹ್ಮಾವರದ ಈ ತರಬೇತಿ ಸಂಸ್ಥೆ ಕೆಲಸ ಕೊಡಿಸುವ ಜಾಗವಲ್ಲ, ಸ್ವಂತ ಉದ್ಯೋಗಕ್ಕೆ ತಯಾರು ಮಾಡುವ ಜಾಗ. ತಿಂಗಳ ಸಂಬಳ ಬೇಕಾದವರು ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.

1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ ಸಂಸ್ಥೆಯ ಶಾಖೆ ಇದು. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ಮುಂದೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಎಂಬ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ಹಂಚಿತು. ತರಬೇತಿ, ಊಟ, ವಸತಿ ಮೂರಕ್ಕೂ ದುಡ್ಡಿಲ್ಲ. ಮಹಿಳೆಯರ ಹೊಲಿಗೆ ಸುಮಾರು 30 ದಿನ, ಹೈನುಗಾರಿಕೆ ಸುಮಾರು 10 ದಿನ. ಮುಗಿದ ಮೇಲೆ ಎರಡು ವರ್ಷ ವಿಚಾರಿಸುತ್ತಾ ಇರುವುದು ಕ್ರಮ. ಅದೇ ಇದರ ನಿಜವಾದ ಬೆಲೆ, ಅದನ್ನೇ ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ.

ಮೊದಲ ದಿನಗಳಲ್ಲಿ ಮೆಷಿನ್ ಮುಟ್ಟುವ ಬದಲು ಆಟ ಆಡಿಸುತ್ತಾರೆ ಎಂಬ ಗೊಣಗಾಟ ಉಂಟು. ಅದು ಸುಮ್ಮನೆ ಕಾಲಹರಣವಲ್ಲ. ಆರ್‌ಸೆಟಿ ಪಾಠದ ಗೋಪುರದ ಆಟವನ್ನೇ ನೋಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ರೂಢಿಯಿಲ್ಲದ ಕೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು. ಎಷ್ಟು ಇಡುತ್ತೇನೆಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತವರು ಬಾಯಲ್ಲೇ ದಾರಿ ಹೇಳುತ್ತಾರೆ. ಪಕ್ಕದವರು "ಬೀಳ್ತದೆ, ಬೀಳ್ತದೆ" ಅಂದರೆ ಕೈ ನಡುಗಿ ಗೋಪುರ ಬಿದ್ದೇ ಬೀಳುತ್ತದೆ. ಮನೆಯವರ ಮಾತು ವ್ಯಾಪಾರಕ್ಕೆ ಏನು ಮಾಡುತ್ತದೆಂದು ಇದಕ್ಕಿಂತ ಬೇಗ ತಿಳಿಸುವ ದಾರಿ ಇಲ್ಲ.

ಹೊಲಿಗೆಗೆ ಬಂದರೆ, ಸೊನ್ನೆಯಿಂದ ಶುರು ಮಾಡುವವರಿಗೆ 30 ದಿನ ಸಾಲದು. 36 ಇಂಚಿನ ಎದೆಗೆ ಕಾಲು ಭಾಗ 9, ಸಡಿಲಕ್ಕೆ ಅರ್ಧ, ಅಂಚಿಗೆ ಒಂದೂವರೆ, ಒಟ್ಟು 11 ಎಂಬ ಲೆಕ್ಕ ಎರಡನೇ ವಾರಕ್ಕೇ ಬಾಯಿಪಾಠವಾಗುತ್ತದೆ. ಕೆಡುವುದು ಕಂಕುಳು ಮತ್ತು ಕುತ್ತಿಗೆಯಲ್ಲಿ. ತರಗತಿಯ ಅಳತೆಗೆ ಸರಿ ಬಂದ ರವಿಕೆ, ಭುಜ ಇಳಿದ ಅಥವಾ ಬೆನ್ನು ಬಾಗಿದ ಮೈಗೆ ಎಳೆಯುತ್ತದೆ. ಹೋಗುವ ಮೊದಲೇ ಮೂರ್ನಾಲ್ಕು ಹಳೆ ರವಿಕೆ ಬಿಚ್ಚಿ, ಪೇಪರ್ ಮೇಲಿಟ್ಟು ಗೆರೆ ಎಳೆದು ನೋಡಿದವರು ಅಲ್ಲಿ ಇಮ್ಮಡಿ ಕಲಿಯುತ್ತಾರೆ. ಸೂಜಿ ಹತ್ತಿಗೆ 14, ತೆಳು ರೇಷ್ಮೆಗೆ 11. 16ರ ಸೂಜಿ ರೇಷ್ಮೆಗೆ ಇಳಿದರೆ ತೂತು ಉಳಿಯುತ್ತದೆ, ಗಿರಾಕಿ ಉಳಿಯುವುದಿಲ್ಲ.

ಕಾಲಿಗೆ ಪೋಲಿಯೊ ಆದವರಿಗೆ ತುಳಿಯುವ ಮೆಷಿನ್ ಬೇಡ. ಮೋಟಾರ್ ಜೋಡಿಸಿ, ಪಾದದ ಸ್ವಿಚ್ಚನ್ನು ಬಲವಿರುವ ಕಾಲಿನ ಕಡೆಗೆ ಸರಿಸಿದರೆ ಆಯಿತು. ಹಾಸ್ಟೆಲ್‌ನಲ್ಲಿ ನೆಲಮಹಡಿಯ ಕೋಣೆ, ಕೂರುವ ಕಮೋಡ್ ಸಿಗುತ್ತದೆಯೇ, ಕಿವಿ ಕೇಳದವರಿಗೆ ಸನ್ನೆ ಭಾಷೆ ಬಲ್ಲವರು ಇರುತ್ತಾರೆಯೇ ಎಂದು ಅರ್ಜಿ ಹಾಕುವಾಗಲೇ ಕೇಳಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಹತ್ತಿರ ಮೊದಲು ಹೋಗಿ. ಅದರಲ್ಲಿ ಅಂಗವೈಕಲ್ಯ 40 ಶೇಕಡಕ್ಕಿಂತ ಕಡಿಮೆ ಎಂದು ಬರೆದರೆ ಹೆಚ್ಚಿನ ಸವಲತ್ತುಗಳ ಬಾಗಿಲು ಮುಚ್ಚುತ್ತದೆ.

ನಿಜವಾದ ತೊಡಕು ಬ್ಯಾಂಕಿನಲ್ಲಿ. ಆಧಾರ್‌ನಲ್ಲಿ ಪೂಜಾರ್ತಿ, ಶಾಲೆಯ ಟಿಸಿಯಲ್ಲಿ ಪೂಜಾರಿ. ಒಂದರಲ್ಲಿ ಶೆಡ್ತಿ, ಇನ್ನೊಂದರಲ್ಲಿ ಶೆಟ್ಟಿ. ಹೆಂಗಸರ ಹೆಸರಿನ ಕೊನೆ ಹೀಗೆ ಬದಲಾಗುವುದು ನಮ್ಮೂರಲ್ಲಿ ಯಾರಿಗೂ ವಿಚಿತ್ರವಲ್ಲ, ಆದರೆ ಈ ವ್ಯತ್ಯಾಸಕ್ಕೆ ಸಾಲದ ಅರ್ಜಿ ತಿಂಗಳುಗಟ್ಟಲೆ ನಿಲ್ಲುತ್ತದೆ. ತರಬೇತಿಗೆ ಮುಂಚೆಯೇ ಸರಿಪಡಿಸಿ. ಹಿಂದೆ ತೆಗೆದ ಮೈಕ್ರೋಫೈನಾನ್ಸ್ ಸಾಲದ ಕಂತು ತಪ್ಪಿದ್ದರೂ, ಬೇರೆಯವರಿಗೆ ಜಾಮೀನು ನಿಂತಿದ್ದರೂ ಸಾಲದ ಇತಿಹಾಸ ತೋರಿಸುವ ಸಿಬಿಲ್‌ನಲ್ಲಿ ಕಾಣುತ್ತದೆ.

ಒಂದು ಮೋಟಾರ್ ಮೆಷಿನ್, ಬಟ್ಟೆಯ ಅಂಚು ಹೊಲಿಯುವ ಇಂಟರ್‌ಲಾಕ್, ಇಸ್ತ್ರಿ ಪೆಟ್ಟಿಗೆಗೆ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ ಸಾಕು: 50,000 ರೂಪಾಯಿವರೆಗೆ, ಅಡಮಾನವಿಲ್ಲ. ದೊಡ್ಡದಾಗಿ ಹೋಗುವವರಿಗೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ). ಗ್ರಾಮಾಂತರದಲ್ಲಿ ಮಹಿಳೆಯರಿಗೆ, ಅಂಗವಿಕಲರಿಗೆ 35 ಶೇಕಡ ಸಬ್ಸಿಡಿ, ಸ್ವಂತ ಪಾಲು 5 ಶೇಕಡ. ಒಂದು ಲಕ್ಷದ ಯೋಜನೆಗೆ ಕೈಯಿಂದ 5,000 ಹಾಕಬೇಕು, ಬ್ಯಾಂಕ್ 95,000 ಕೊಡುತ್ತದೆ. ಸಬ್ಸಿಡಿಯ 35,000 ಕೈಗೆ ಬರುವುದಿಲ್ಲ ಮಾರಾಯ್ರೆ, ಮೂರು ವರ್ಷ ಠೇವಣಿಯಾಗಿ ಬ್ಯಾಂಕಿನಲ್ಲೇ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಮಧ್ಯೆ ಅಂಗಡಿ ಮುಚ್ಚಿದರೆ ಅದೂ ಹೋಯಿತು. "ಸಬ್ಸಿಡಿ ದುಡ್ಡಲ್ಲಿ ಮನೆ ರಿಪೇರಿ" ಎಂದು ಯೋಚಿಸಿದವರು ಇಲ್ಲೇ ಎಡವುವುದು.

ಬ್ಯಾಚ್ ಆಯ್ದುಕೊಳ್ಳುವಾಗ ಪಂಚಾಂಗವನ್ನೂ ನೋಡಿ. ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಇಲ್ಲಿ ಮದುವೆಯಿಲ್ಲ, ರವಿಕೆಗೆ ಬರುವವರಿಲ್ಲ, ಜೊತೆಗೆ ಮಳೆಯ ತೇವಕ್ಕೆ ಹೊಸ ಮೆಷಿನ್ ತುಕ್ಕು ಹಿಡಿಯುತ್ತದೆ. ಆಟಿಯಲ್ಲಿ ಅಂಗಡಿ ತೆರೆದವರಿಗೆ ಮೊದಲ ಕಂತೇ ಭಾರ. ಕಲಿಯುವುದಕ್ಕೆ ಮಾತ್ರ ಅದೇ ಒಳ್ಳೆ ತಿಂಗಳು: ಆಗ ಕಲಿತು, ಮುಂದಿನ ಸೋಣ ತಿಂಗಳಲ್ಲಿ ಕೈ ಪಳಗಿಸಿಕೊಂಡರೆ ನವರಾತ್ರಿಯ ಹೊತ್ತಿಗೆ ಬಾಗಿಲಿಗೆ ಬೋರ್ಡು ಹಾಕಬಹುದು.