20 ಲೀಟರ್ ಡಿಹ್ಯುಮಿಡಿಫೈಯರ್, 4 ಲೀಟರ್ ಬಕೆಟ್: ಗ್ಯಾರೇಜಿನಲ್ಲಿ ಮೂರು ಮಳೆಗಾಲ

ನಿಂತ ಕಾರಿಗೆ ತುಕ್ಕು ಹಿಡಿಯದಿರಲಿ ಅಂತ ಗ್ಯಾರೇಜಿನಲ್ಲಿಡುವ, ಗಾಳಿಯ ತೇವ ಹಿಡಿದು ಬಕೆಟ್ಟಿಗೆ ಇಳಿಸುವ ಯಂತ್ರ ಈ ಡಿಹ್ಯುಮಿಡಿಫೈಯರ್. ಅದರ ಡಬ್ಬದ ಮೇಲೆ ‘ದಿನಕ್ಕೆ 20 ಲೀಟರ್’ ಅಂತ ದಪ್ಪಕ್ಷರದಲ್ಲಿದೆ. ಅದನ್ನು ನಂಬಿ ಕೊಂಡರೆ ಮೊದಲ ವಾರವೇ ಸಿಟ್ಟು ಬರುತ್ತದೆ. 20 ಲೀಟರ್ ಅನ್ನುವುದು 30 ಡಿಗ್ರಿ ಬಿಸಿ, ಶೇ 80 ತೇವಾಂಶ ಇರುವ ಕೋಣೆಯ ಲೆಕ್ಕ. ಗ್ಯಾರೇಜು 20 ಡಿಗ್ರಿ, ಶೇ 60ಕ್ಕೆ ಇಳಿದ ಮೇಲೆ ಇದೇ ಯಂತ್ರ ಅದರ ಅರ್ಧದಷ್ಟನ್ನೂ ಹಿಡಿಯುವುದಿಲ್ಲ. 15 ಡಿಗ್ರಿಗಿಂತ ಕೆಳಗಾದರೆ ಗಾಳಿಯನ್ನು ತಣಿಸುವ ಒಳಗಿನ ಕಾಯಿಲ್ (ಕೊಳವೆ ಸುರುಳಿ) ಮೇಲೆ ಮಂಜು ಕಟ್ಟುತ್ತದೆ, ಅದನ್ನು ಕರಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಷ್ಟು ಚಳಿಯ ಜಾಗದವರು ಕಂಪ್ರೆಸರಿನಿಂದ ತಣಿಸುವ ಈ ಬಗೆಯನ್ನು ಬಿಟ್ಟು ಡೆಸಿಕೆಂಟ್ ಚಕ್ರ (ತೇವ ಹೀರುವ ವಸ್ತುವಿನ ಚಕ್ರ) ಇರುವುದನ್ನು ನೋಡಿ. ಕರೆಂಟು ಜಾಸ್ತಿ ಎಳೆಯುತ್ತದೆ, ಆದರೆ ಮಂಜು ಕಟ್ಟುವುದಿಲ್ಲ.

ಎರಡನೇ ಸಿಟ್ಟು ಯಂತ್ರದ ಮುಂಭಾಗದಲ್ಲಿ ಕಾಣುವ ತೇವಾಂಶದ ಅಂಕಿಯ ಮೇಲೆ. ಯಂತ್ರ 50 ಅಂತ ತೋರಿಸುವಾಗ ಕಾರಿನ ಆಚೆ ಬದಿಯಲ್ಲಿ 60 ದಾಟಿರುತ್ತದೆ. ಸೆನ್ಸರ್ ಯಂತ್ರದ ಮೈಯೊಳಗೇ ಕೂತಿದೆ, ತನ್ನ ಸುತ್ತಲಿನ ಗಾಳಿಯನ್ನಷ್ಟೇ ಅದು ಅಳೆಯುತ್ತದೆ. ಕಬ್ಬಿಣಕ್ಕೆ ತುಕ್ಕು ಜೋರಾಗುವುದು ಶೇ 60ರ ಮೇಲೇ, ಹಾಗಾಗಿ ಈ ಹತ್ತರ ವ್ಯತ್ಯಾಸ ಸಣ್ಣದಲ್ಲ. ಬೇರೆ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಒಂದನ್ನು ಕಾರಿನ ಚಕ್ರದ ಎತ್ತರದಲ್ಲಿ, ಯಂತ್ರದಿಂದ ದೂರದ ಮೂಲೆಯಲ್ಲಿಡಿ. ಅದನ್ನೂ ಸುಮ್ಮನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ 12 ಗಂಟೆ ಮುಚ್ಚಿಟ್ಟರೆ 75 ತೋರಿಸಬೇಕು. 71 ತೋರಿಸಿದರೆ ಮುಂದೆ ಪ್ರತಿ ಸಲ 4 ಕೂಡಿಸಿಕೊಳ್ಳುವುದು, ಅಷ್ಟೇ.

ಇಷ್ಟು ಬೈದ ಮೇಲೆ ಬಕೆಟ್ ವಿಷಯಕ್ಕೆ ಬರಬೇಕು. ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿಸಿದ್ದು ಅದೇ. ಪೈಪು ಸಿಕ್ಕಿಸಿ ಮರೆತುಬಿಡುವ ಮೊದಲು ಎರಡು ವಾರ ಬಕೆಟ್ಟಿನಲ್ಲೇ ನೀರು ಹಿಡಿಯಿರಿ. ಬೆಳಿಗ್ಗೆ ಒಂದೇ ಹೊತ್ತಿಗೆ ಬಕೆಟ್ ಎಳೆದು, ಅಳತೆಯ ಜಗ್ಗಿಗೆ ಸುರಿದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಅಂಕಿ ಬರೆಯುವುದು. ಎರಡು ನಿಮಿಷದ ಕೆಲಸ, ಆದರೆ ಗ್ಯಾರೇಜಿನ ಜಾತಕವೇ ಸಿಗುತ್ತದೆ.

ಲೆಕ್ಕ ನೋಡಿ. 6 ಮೀಟರ್ ಉದ್ದ, 3 ಅಗಲ, 2.5 ಎತ್ತರ ಅಂದರೆ 45 ಘನ ಮೀಟರ್ ಗಾಳಿ. 30 ಡಿಗ್ರಿ, ಶೇ 80 ಇದ್ದರೂ ಅಷ್ಟೂ ಗಾಳಿಯಲ್ಲಿ ಇರುವ ನೀರು ಸುಮಾರು ಒಂದು ಲೀಟರ್ ಮಾತ್ರ. ಅದನ್ನು ಶೇ 50ಕ್ಕೆ ಇಳಿಸಲು 400 ಮಿಲಿಲೀಟರ್ ತೆಗೆದರೆ ಸಾಕು. ಹಾಗಿದ್ದೂ 4 ಲೀಟರ್ ಬಕೆಟ್ ಬೆಳಗಾಗುವುದರೊಳಗೆ ತುಂಬಿ ಯಂತ್ರ ನಿಂತಿದೆಯೆಂದರೆ ನೀರು ಹೊರಗಿನಿಂದ ಬರುತ್ತಿದೆ. ಗಂಟೆಗೆ ಅರ್ಧ ಗ್ಯಾರೇಜಿನಷ್ಟು ಹೊರಗಾಳಿ ನುಸುಳಿದರೂ ದಿನಕ್ಕೆ ಹತ್ತಿರ ಹತ್ತಿರ 5 ಲೀಟರ್. ಇಡೀ ಊರಿನ ಗಾಳಿಯನ್ನು ಒಣಗಿಸುವ ಕೆಲಸಕ್ಕೆ ಹಚ್ಚಿ, ಕೈಲಾಗದ ಯಂತ್ರ ಅಂತ ಬೈದರೆ ಅದೇನು ಮಾಡೀತು?

ರಾತ್ರಿ ಒಳಗೆ ದೀಪ ಹಾಕಿ ಹೊರಗೆ ನಿಂತು ನೋಡಿ. ಬೆಳಕು ಬಂದಲ್ಲೆಲ್ಲ ಗಾಳಿಯೂ ಬರುತ್ತದೆ. ಹೆಚ್ಚಾಗಿ ಶಟರಿನ ಅಡಿಯೇ. ಅಲ್ಲಿ ರಬ್ಬರ್ ಪಟ್ಟಿ, ಪಕ್ಕಗಳಲ್ಲಿ ಬ್ರಶ್ ಪಟ್ಟಿ ಹಾಕಿದ ವಾರದಲ್ಲೇ ಬಕೆಟ್ ಅರ್ಧಕ್ಕೆ ನಿಂತಿತು. ಸಂದು ಮುಚ್ಚಿದರೂ ಅಂಕಿ ಇಳಿಯದಿದ್ದರೆ ನೆಲವನ್ನು ಅನುಮಾನಿಸಿ: 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಹಾಳೆಯ ಅಡಿ ಬೆವರಿದರೆ ಕಾಂಕ್ರೀಟ್ ನೆಲ ಮಣ್ಣಿನ ತೇವ ಎಳೆಯುತ್ತಿದೆ. ಮೇಲೆ ಬೆವರಿದರೆ ನೆಲ ತಣ್ಣಗಿದೆ, ತಪ್ಪು ಗಾಳಿಯದು. ‘ಗಾಳಿಯಾಡಲಿ’ ಅಂತ ಮಳೆಗಾಲದಲ್ಲಿ ಕಿಟಕಿ ತೆಗೆದಿಡುವವರಿಗೂ ಇದೇ ಮಾತು. ಹೊರಗೆ 30 ಡಿಗ್ರಿ, ಶೇ 80 ಇದ್ದಾಗ 26 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹದ ಮೇಲೂ ನೀರು ಕೂರುತ್ತದೆ. ಬ್ರೇಕ್ ಡಿಸ್ಕೂ ಲೋಹವೇ.

ಕಾರನ್ನು ಒದ್ದೆಯಾಗಿ ಒಳಗೆ ತರಬೇಡಿ, ಪ್ಲಾಸ್ಟಿಕ್ ಹೊದಿಕೆ ಬೇಡ, ಹ್ಯಾಂಡ್‌ಬ್ರೇಕ್ ಬದಲು ಗೇರಿಗೆ ಹಾಕಿ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಚಾಲೂ ಮಾಡುವ ಅಭ್ಯಾಸವನ್ನೂ ಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಬಿಸಿಯೇರದ ಸೈಲೆನ್ಸರಿನಲ್ಲಿ ಅದು ಹಾಗೇ ನಿಲ್ಲುತ್ತದೆ. ಸೀಟಿನ ಕೆಳಗೆ ತೇವ ಹೀರಲು ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬವಂತೂ ಬೇಡವೇ ಬೇಡ. ಅದು ಚೆಲ್ಲಿದರೆ ತಳದ ತಗಡಿಗೆ ಉಪ್ಪುನೀರು ಉಣ್ಣಿಸಿದಂತೆ.

ಬಕೆಟ್ಟಿನ ಅಂಕಿ ಒಂದು ಹದಕ್ಕೆ ಬಂದ ಮೇಲೆ ಪೈಪು ಸಿಕ್ಕಿಸಿ. ಯಂತ್ರವನ್ನು 45 ಸೆಂಟಿಮೀಟರ್ ಎತ್ತರದ ಸ್ಟ್ಯಾಂಡ್ ಮೇಲಿಟ್ಟರೆ ಪೈಪಿಗೆ ಇಳಿಜಾರು ಸಿಗುತ್ತದೆ, ನೆಲದ ಮಟ್ಟದಲ್ಲಿ ನಿಲ್ಲುವ ಪೆಟ್ರೋಲ್ ಆವಿಯಿಂದಲೂ ಸ್ವಿಚ್ಚುಗಳು ಮೇಲಿರುತ್ತವೆ. ಪೈಪು ನಡುವೆ ಜೋತು ಬಿದ್ದರೆ ಅಲ್ಲಿ ಲೋಳೆ ಕಟ್ಟಿ ನೀರು ಹಿಂದೆ ಸರಿಯುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಫಿಲ್ಟರಿಗೆ ಎರಡು ವಾರಕ್ಕೊಮ್ಮೆ. ತೇವಾಂಶದ ಮಟ್ಟ ಶೇ 50ರಲ್ಲಿರಲಿ, 40ರ ಕೆಳಗೆ ಹೋದರೆ ಚರ್ಮದ ಸೀಟು ಒಣಗಿ ಬಿರುಕು ಬಿಡುತ್ತದೆ. ಹಿಡಿದ ನೀರನ್ನು ಬ್ಯಾಟರಿಗೆ ಹಾಕಬೇಡಿ. ಅದರಲ್ಲಿ ಕಾಯಿಲ್ಲಿನ ಧೂಳೂ ಲೋಹವೂ ಇರುತ್ತವೆ.

ಮೂರು ಮಳೆಗಾಲವಾದರೂ ಕ್ಷಮಿಸಲಾಗದ್ದು ಒಂದಿದೆ: ಕರೆಂಟ್ ಹೋಗಿ ಬಂದರೆ ಇದು ತಾನಾಗಿ ಶುರುವಾಗುವುದಿಲ್ಲ. ಟಚ್ ಗುಂಡಿ ಒತ್ತಲು ಯಾರಾದರೂ ಬರುವವರೆಗೆ ಸುಮ್ಮನೆ ಕೂತಿರುತ್ತದೆ. ದಿನಾ ಗ್ಯಾರೇಜಿಗೆ ಕಾಲಿಡುವವರಿಗೆ ಇದು ಕಿರಿಕಿರಿ ಮಾತ್ರ, ಅವರು ಧಾರಾಳವಾಗಿ ಕೊಳ್ಳಬಹುದು. ಕಾರಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರು ತಿರುಗಿಸುವ ಗುಂಡಿಯ ಹಳೇ ಮಾದರಿಯನ್ನೇ ಹುಡುಕಲಿ. ಅಂಗಡಿಯಲ್ಲೇ ಓಡಿಸಿ, ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ, ತಾನಾಗಿ ಶುರುವಾಗುತ್ತದೆಯೇ ನೋಡಿ.